ಕಾಲರ್ ನಿಘಂಟು

ಗಂಡ: ಅಳಿಸು ಅಂದರೆ ಅಳಿಸು. ಅವರು ಬರೋದರೊಳಗೆ ಎಲ್ಲಾ ಅಳಿಸು.

ಹೆಂಡತಿ: ಅಳಿಸೋಕೆ ಬರಲ್ಲ ರೀ. ಅಳಿಸಬಾರದು ಅಂತಲೇ ಆ ಶಾಯಿ ಮಾಡಿರೋದು. ನೂರು ಸಲ ಒಗೆದರೂ ಹೋಗಲ್ಲ ಅಂತ ಸೀಸೆ ಮೇಲೇ ಬರೆದಿದೆ.

ಗಂಡ: ಹಾಗಾದರೆ ಕತ್ತರಿಸಿ ಹಾಕು.

ಹೆಂಡತಿ: ಏನನ್ನ? ಕಾಲರನ್ನಾ?

ಗಂಡ: ಕಾಲರ್ ಯಾಕೆ, ನನ್ನ ಕತ್ತನ್ನೇ ಕತ್ತರಿಸು. ವಕೀಲರು ಬಂದು ಕತ್ತರಿಸೋದಕ್ಕಿಂತ ಮನೆಯವರ ಕೈಯಿಂದಲೇ ಆಗಿಹೋಗಲಿ.

ಲಾಂಡ್ರಿಯ ಗೋಡೆ ಗಡಿಯಾರ ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ವಕೀಲರು ಬರುವುದು ಹತ್ತೂವರೆಗೆ. ಬೆಳಿಗ್ಗೆ ಫೋನಿನಲ್ಲಿ ಅವರು ಆಡಿದ್ದು ಮೂರೇ ಪದ: 'ಹತ್ತೂವರೆಗೆ. ಇಬ್ಬರೂ ಇರಿ.' ಎಂದೂ ಮೂರು ಪದಕ್ಕೆ ಬಾಯಿ ಮುಚ್ಚದ ಮನುಷ್ಯ ಇವತ್ತು ಮುಚ್ಚಿದ್ದೇ ಗಂಡನನ್ನ ಹೆದರಿಸಿತ್ತು. ಅವನ ಕೈಯಲ್ಲಿ ವಕೀಲರದೇ ಒಂದು ಬಿಳಿ ಅಂಗಿ. ಕಾಲರಿನ ಒಳಗೆ ನಲವತ್ತೇಳು ಅಂತ ನಂಬರ್ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನದೊಂದು ಉದ್ದನೆಯ ಪದ, ಮುತ್ತು ಪೋಣಿಸಿದ ಹಾಗೆ. ಹೆಂಡತಿ ಮಾತ್ರ ತಲೆ ಎತ್ತದೆ ದಿಂಬಿನ ಕವರಿನ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು. ಆವಿ ಮೇಲೆದ್ದು ಕಿಟಕಿಯ ಬಿಸಿಲಿಗೆ ಸೇರಿ ಇಲ್ಲವಾಗುತ್ತಿತ್ತು. ತಾನೂ ಹಾಗೆ ಆವಿಯಾಗಿಬಿಟ್ಟರೆ ಎಷ್ಟು ಸುಖ ಅನ್ನಿಸಿತು ಅವನಿಗೆ.

ಗಂಡ: ಇದೇನು, ಓದಿ ಹೇಳು.

ಹೆಂಡತಿ: ಸೊಪೊರಿಫಿಕ್.

ಗಂಡ: ಹಾಗಂದರೆ?

ಹೆಂಡತಿ: ನಿದ್ದೆ ಬರಿಸುವಂಥದ್ದು.

ಗಂಡ: ಯಾವುದು?

ಹೆಂಡತಿ: ಯಾವುದು ಅಲ್ಲ, ಯಾರು ಅಂತ ಕೇಳಿ. ಆ ಅಂಗಿ ಹಾಕ್ಕೊಳ್ಳೋರು.

ಗಂಡ: ದೇವರೇ! ಅವರ ಕೋರ್ಟಿನ ಗೌನಿಗೂ ಬರೆದದ್ದು ಇದೇನಾ?

ಹೆಂಡತಿ: ಗೌನು ಕಪ್ಪಲ್ವಾ, ಶಾಯಿ ಕಾಣಲ್ಲ. ಬಿಳಿ ಪಟ್ಟಿ ಹೊಲಿದು ಅದರ ಮೇಲೆ ಬರೆದೆ. ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ?

ಗಂಡ: ಗೊತ್ತು! ನಿನ್ನೆ ಇಡೀ ಕೋರ್ಟಿಗೇ ಕಂಡಿದೆ. ಇವರು ಗೌನು ಕಳಚಿ ಕುರ್ಚಿಗೆ ಹಾಕಿದಾಗ ಎದುರು ಪಾರ್ಟಿ ವಕೀಲರು ಅದನ್ನ ಜೋರಾಗಿ ಓದಿ, ಅರ್ಥಾನೂ ಹೇಳಿದರಂತೆ. ಅವರ ಗುಮಾಸ್ತ ಬಂದು ಹೇಳಿ ಹೋದ, ಆ ಅರ್ಥ ಏನು ಅಂತ ಹೇಳೋಕೂ ಆಗದೆ ಕಣ್ಣಲ್ಲಿ ನೀರು ಹಾಕ್ಕೊಂಡು.

ಹೆಂಡತಿ: ಅಯ್ಯೋ ಪಾಪ, ಅಷ್ಟು ಬೇಜಾರಾಯ್ತಾ ಅವನಿಗೆ?

ಗಂಡ: ನಗು ತಡೆಯಲಾರದೆ ಬಂದ ನೀರು!

ಎರಡು ತಿಂಗಳ ಹಿಂದೆ ಬಟ್ಟೆಗೆ ಗುರುತು ಹಾಕುವ ಕೆಲಸ ಇನ್ನು ತನಗಿರಲಿ ಅಂತ ಅವಳು ಕೇಳಿದಾಗ ಅವನು ಖುಷಿಯಿಂದಲೇ ಬಿಟ್ಟುಕೊಟ್ಟಿದ್ದ. ಮನೆಗೊಂದು ನಂಬರ್, ಆ ಮನೆಯ ಪ್ರತಿ ಬಟ್ಟೆಗೂ ಅದೇ ನಂಬರ್. ಸಾವಿರ ಬಟ್ಟೆ ಒಂದೇ ನೀರಿನಲ್ಲಿ ಮುಳುಗಿದರೂ ಯಾರದು ಯಾರಿಗೆ ಅನ್ನೋದು ತಪ್ಪಬಾರದು. ನಂಬರ್ ಹೋಗಿ ಉದ್ದುದ್ದ ಇಂಗ್ಲಿಷ್ ಬಂದಾಗ ಇದೇನೋ ಹೊಸ ಕ್ರಮ ಇರಬೇಕು ಅಂದುಕೊಂಡಿದ್ದ. ಬಟ್ಟೆಯಂತೂ ಒಂದೂ ಅದಲುಬದಲಾಗಿರಲಿಲ್ಲ.

ಗಂಡ: ಬೇರೆಯವರಿಗೂ ಹೀಗೇ ಬರೆದಿದ್ದೀಯಾ?

ಹೆಂಡತಿ: ಮತ್ತೆ? ಒಬ್ಬರಿಗೆ ಬರೆದು ಇನ್ನೊಬ್ಬರಿಗೆ ಬಿಟ್ಟರೆ ತಾರತಮ್ಯ ಆಗಲ್ವಾ?

ಗಂಡ: ಹಲ್ಲಿನ ಡಾಕ್ಟರಿಗೆ?

ಹೆಂಡತಿ: ಎಕ್ಸ್‌ಕ್ರೂಶಿಯೇಟಿಂಗ್. ಪ್ರಾಣ ಹೋಗೋ ಹಾಗೆ ನೋಯಿಸುವಂಥದ್ದು. ನಿಮ್ಮ ದವಡೆ ಹಲ್ಲು ಕಿತ್ತ ದಿನವೇ ಬರೆದದ್ದು.

ಗಂಡ: ಹೆಡ್ ಮೇಡಂಗೆ?

ಹೆಂಡತಿ: ಡ್ರಕೋನಿಯನ್. ದಯೆ ದಾಕ್ಷಿಣ್ಯ ಇಲ್ಲದ ಕಟ್ಟುನಿಟ್ಟು.

ಗಂಡ: ಮೂಲೆ ಮನೆ ಯಜಮಾನರಿಗೆ?

ಹೆಂಡತಿ: ಪಾರ್ಸಿಮೋನಿಯಸ್. ಕಡು ಜಿಪುಣ. ಒಂದೇ ಕಾಲರನ್ನ ಮೂರು ಸಲ ತಿರುಗಿಸಿ ಹೊಲಿಸಿದ್ದಾರೆ ರೀ, ಬರೆಯೋಕೆ ಜಾಗ ಹುಡುಕೋದೇ ಕಷ್ಟ ಆಯ್ತು.

ಗಂಡ: ಯಾರಿಗಾದರೂ ಒಳ್ಳೇದು ಬರೆದಿದ್ದೀಯೇನೇ?

ಹೆಂಡತಿ: ಯಾಕಿಲ್ಲ? ಅಂಚೆಯವರಿಗೆ ಇನ್‌ಡಿಫ್ಯಾಟಿಗಬಲ್, ದಣಿವೇ ಅರಿಯದವರು. ಆಸ್ಪತ್ರೆ ನರ್ಸಮ್ಮನಿಗೆ ಬೆನೆವೊಲೆಂಟ್, ಕರುಣಾಮಯಿ. ಅವರವರಿಗೆ ಏನು ಒಪ್ಪುತ್ತೋ ಅದು. ನಾನೇನು ಮನಸ್ಸಿಗೆ ಬಂದ ಹಾಗೆ ಬರೆದಿಲ್ಲ.

ಗಂಡ: ಅದೇ ಕಷ್ಟ! ಮನಸ್ಸಿಗೆ ಬಂದ ಹಾಗೆ ಬರೆದಿದ್ದರೆ ಕಣ್ತಪ್ಪು ಅಂತ ಜಾರಿಕೊಳ್ಳಬಹುದಿತ್ತು. ಪುಸ್ತಕದಲ್ಲಿ ಬರ್ಕೋಬಾರದಿತ್ತಾ ನೀನು?

ಹೆಂಡತಿ: ಎರಡು ಸಲ ಪುಸ್ತಕದಲ್ಲಿ ಬರೆದು ಎರಡು ಸಲವೂ ನಪಾಸಾದೆನಲ್ಲ!

ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. ಪದವಿಯ ಎಲ್ಲ ವಿಷಯದಲ್ಲೂ ಅವಳು ಎಂದೋ ಪಾಸಾಗಿದ್ದಳು, ಇಂಗ್ಲಿಷಿನ ಪದಸಂಪತ್ತಿನ ಪತ್ರಿಕೆಯೊಂದು ಬಿಟ್ಟು. ನಲವತ್ತು ಅಂಕ, ಎಲ್ಲಾ ದೊಡ್ಡ ದೊಡ್ಡ ಪದ. ಮೂರನೆಯ ಸಲವೂ ಹೋದರೆ ಪಾಸಾದದ್ದೆಲ್ಲ ರದ್ದು, ಮತ್ತೆ ಮೊದಲಿನಿಂದ ಬರೆಯಬೇಕು. ಆ ಮೂರನೆಯ ಸಲ ಬರುವ ಸೋಮವಾರ.

ಹೆಂಡತಿ: ಪುಸ್ತಕ ಬಿಚ್ಚಿದರೆ ಬಕೆಟ್ಟು ತುಂಬಿರುತ್ತೆ, ಬಕೆಟ್ಟು ಖಾಲಿಯಾಗೋಷ್ಟರಲ್ಲಿ ಪುಸ್ತಕ ಒದ್ದೆಯಾಗಿರುತ್ತೆ. ಅದಕ್ಕೇ ಕಾಲರಿಗೆ ಬರೆದೆ. ಕಾಲರ್ ಕಂಡರೆ ಮುಖ ನೆನಪಾಗುತ್ತೆ, ಮುಖ ಕಂಡರೆ ಪದ ನೆನಪಾಗುತ್ತೆ. ನೂರಾ ಹನ್ನೆರಡು ಮನೆ, ನೂರಾ ಹನ್ನೆರಡು ಪದ. ಎಲ್ಲಾ ಅರ್ಜಿಯಲ್ಲೂ ಪದವಿ ಅನ್ನೋ ಕಡೆ 'ಅಪೂರ್ಣ' ಅಂತ ಬರೆದೂ ಬರೆದೂ ನನಗೆ ಸಾಕಾಗಿದೆ ರೀ. ಮೇಲೆ ಪಟ್ಟಿ ಹೊಲಿದು ಮುಚ್ಚೋದಾದರೂ ಸೋಮವಾರ ಆದ ಮೇಲೆ.

ಗಂಡ: ಕೋರ್ಟಿನ ಗೌನೆಲ್ಲಾ ನಮಗೆ ಬರೋದು ಈ ವಕೀಲರೊಬ್ಬರಿಂದ ಕಣೇ. ಇವರು ಮುನಿಸಿಕೊಂಡರೆ ಸೋಮವಾರದ ಮೇಲೆ ಒಗೆಯೋಕೆ ನಮ್ಮಿಬ್ಬರ ಬಟ್ಟೆ ಮಾತ್ರ ಉಳಿಯುತ್ತೆ. ಏನಾದರೂ ಒಂದು ಹೇಳೋಣ. ಅದು ನಮ್ಮ ಹೊಸ ಸೋಪಿನ ಹೆಸರು ಅಂದರೆ?

ಹೆಂಡತಿ: ಇಂಗ್ಲಿಷ್ ಬಲ್ಲ ವಕೀಲರಿಗೆ?

ಗಂಡ: ಜಪಾನಿನ ಸೋಪು ಅನ್ನೋಣ.

ಹೆಂಡತಿ: ನೀವು ಏನೂ ಅನ್ನಬೇಡಿ. ಒಂದೇ ಒಂದು ಉಪಕಾರ ಮಾಡಿ. ಅವರು ಮಾತಾಡೋವಾಗ ನಿದ್ದೆ ಮಾಡಬೇಡಿ.

ಗಂಡ: ನಾನಾ? ನಾನು ಯಾವತ್ತು ಮಾಡಿದ್ದೀನಿ?

ಹೆಂಡತಿ: ಹೋದ ಸಲ ಒಂದು ಗುಂಡಿ ಹಾಕಿ ಅಂತ ಹೇಳೋಕೆ ಅವರು ಶುರು ಮಾಡಿದರಲ್ಲ, ಆಗ. ಅದರ ಹಿಂದಿನ ಸಲ ನಿಂತುಕೊಂಡೇ.

ಅವನು ಹಿತ್ತಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡು ಬಂದ. ಮತ್ತೆ ಹೋಗಿ ಮತ್ತೊಮ್ಮೆ ಹಾಕಿಕೊಂಡ. ಮೂರನೆಯ ಸಲ ಹೊರಡುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಒಂದು ಕೈಯಲ್ಲಿ ಗೌನು, ಇನ್ನೊಂದರಲ್ಲಿ ದಿಂಬಿನ ಕವರು. ವಕೀಲರು ಎರಡನ್ನೂ ಕೌಂಟರಿನ ಮೇಲೆ ಸಾಕ್ಷ್ಯದ ವಸ್ತುಗಳ ಹಾಗೆ ಪಕ್ಕಪಕ್ಕ ಇಟ್ಟರು.

ವಕೀಲರು: ಏನಪ್ಪ, ಇದನ್ನ ಓದು.

ಗಂಡ: ಕನ್ನಡಕ ಮನೇಲಿದೆ ಸಾರ್.

ವಕೀಲರು: ನಿನ್ನ ಮೂಗಿನ ಮೇಲಿರೋದು ಏನು?

ಗಂಡ: ಇದು... ಇದು ದೂರದ್ದು ಸಾರ್.

ವಕೀಲರು: ದಿಂಬಿನ ಕವರಿನ ಮೇಲೆ ಎರಡು ತಿಂಗಳಿಂದ ಈ ಪದ ನೋಡ್ತಿದ್ದೀನಿ. ದಿಂಬಿಗೆ ಎಷ್ಟು ಒಪ್ಪುವ ಮಾತು, ಯಾವುದೋ ಕಂಪನಿಯವರು ರಸಿಕರು ಅಂದುಕೊಂಡೆ. ನಮ್ಮ ಮನೆಯವಳಿಗೂ ತೋರಿಸಿ ಮೆಚ್ಚಿಕೊಂಡೆ. ಅವಳು ಯಾಕೆ ಅಷ್ಟು ನಕ್ಕಳು ಅನ್ನೋದು ನಿನ್ನೆ ಅರ್ಥ ಆಯ್ತು.

ಗಂಡನಿಗೆ ಹೋದ ಜೀವ ಬಂತು. ದಾರಿ ಅವರೇ ತೋರಿಸಿಕೊಟ್ಟಿದ್ದರು.

ಗಂಡ: ಅದೇ ಸಾರ್, ಅದೇ! ದಿಂಬಿಗೆ ಅಂತಲೇ ಬರೆದದ್ದು. ಮನೆಗೆಲ್ಲಾ ಒಂದೇ ಗುರುತಲ್ವಾ, ಹಾಗಾಗಿ ದಿಂಬಿನದು ಗೌನಿಗೂ ಬಂತು. ದಿಂಬು ಮೊದಲು, ನೀವು ಆಮೇಲೆ.

ವಕೀಲರು: ಹೌದೇನಮ್ಮ?

ಹೆಂಡತಿ: ಇಲ್ಲ ಸಾರ್. ನಿಮಗೇ ಬರೆದದ್ದು. ದಿಂಬಿಗೆ ಆಮೇಲೆ ಬಂತು.

ಗಂಡ: ಲೇ!

ಹೆಂಡತಿ: ದಿಂಬು ಅಂತ ಒಪ್ಪಿಕೊಂಡರೆ ಸೋಮವಾರ ಪರೀಕ್ಷೆಯಲ್ಲಿ ದಿಂಬು ನೆನಪಾಗುತ್ತೆ ರೀ, ಪದ ನೆನಪಾಗಲ್ಲ. ದಿಂಬಿಗೆ ಮುಖ ಎಲ್ಲಿದೆ?

ಪರೀಕ್ಷೆಯ ವಿಷಯ, ಕಾಲರಿನ ವಿಷಯ, ನೂರಾ ಹನ್ನೆರಡು ಮನೆಗಳ ವಿಷಯ ಎಲ್ಲವನ್ನೂ ಅವಳು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದಳು. ವಕೀಲರು ಎರಡೂ ಅಂಗೈ ಕೌಂಟರಿನ ಮೇಲೆ ಊರಿದರು. ಗಂಡನಿಗೆ ಆ ಭಂಗಿ ಗೊತ್ತಿತ್ತು. ಅವನು ತೊಡೆ ಚಿವುಟಿಕೊಂಡ.

ವಕೀಲರು: ನೋಡಮ್ಮ, ಇಪ್ಪತ್ತೆಂಟು ವರ್ಷದಿಂದ ನಾನು ವಾದ ಮಾಡ್ತಿದ್ದೀನಿ. ಈ ಆರೋಪಕ್ಕೆ ನನ್ನ ಉತ್ತರ ಮೂರು ಭಾಗದಲ್ಲಿದೆ. ಮೊದಲನೆಯ ಭಾಗದಲ್ಲಿ ಮತ್ತೆ ನಾಲ್ಕು ಅಂಶ. ಮೊದಲನೆಯ ಅಂಶಕ್ಕೆ ಹೋಗುವ ಮುನ್ನ ಅದರ ಹಿನ್ನೆಲೆ ಸ್ವಲ್ಪ ಹೇಳಬೇಕಾಗುತ್ತೆ. ಹಿನ್ನೆಲೆ ಅಂದರೆ ಏನು? ಯಾವುದೇ ವಿಷಯಕ್ಕೆ ಹಿಂದೆ ಇರುವಂಥದ್ದು...

ಗಂಡ ಕಣ್ಣು ಅಗಲಿಸಿ ನಿಂತ. ಹಿನ್ನೆಲೆಯ ಹಿಂದೆ ಮತ್ತೊಂದು ಹಿನ್ನೆಲೆ ಬಂತು. ಅದರಾಚೆ ತಂತಿಯ ಮೇಲೆ ಬಿಳಿ ಬಟ್ಟೆ ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ವಕೀಲರ ದನಿ ದೂರದಲ್ಲಿ ಯಾರೋ ಒಂದೇ ಸಮನೆ ಬಟ್ಟೆ ಕುಕ್ಕಿದ ಹಾಗೆ ಕೇಳಿಸುತ್ತಿತ್ತು. ಎರಡನೆಯ ಅಂಶ ಎಲ್ಲೋ ಶುರುವಾಯಿತು. ಒಳ್ಳೆಯ ಬಿಸಿಲು, ಬೇಗ ಒಣಗುತ್ತೆ ಅಂದುಕೊಂಡ ಅವನು. ಆಮೇಲೆ ಏನೂ ಅಂದುಕೊಳ್ಳಲಿಲ್ಲ.

ಸದ್ದು ನಿಂತಾಗ ಎಚ್ಚರವಾಯಿತು. ಅವನ ಕೆನ್ನೆ ವಕೀಲರ ಎಂಟು ಅಂಗಿಗಳ ಗಂಟಿನ ಮೇಲಿತ್ತು.

ಗಂಡ: ಅಂಗಿ ಎಂಟು, ಗೌನು ಒಂದು, ಸಾಯಂಕಾಲ ಬನ್ನಿ ಸಾರ್!

ಹೆಂಡತಿ ತುಟಿ ಕಚ್ಚಿ ಗೋಡೆ ನೋಡುತ್ತಿದ್ದಳು. ವಕೀಲರು ಅವನನ್ನೇ ನೋಡುತ್ತಿದ್ದರು, ಗೆದ್ದ ಕೇಸಿನ ಸಾಕ್ಷಿ ಕೊನೆ ಗಳಿಗೆಯಲ್ಲಿ ಉಲ್ಟಾ ಹೊಡೆದಾಗ ನೋಡುವ ಹಾಗೆ.

ವಕೀಲರು: ಎಷ್ಟು ಹೊತ್ತಾಯ್ತಮ್ಮ?

ಹೆಂಡತಿ: ಮಾತು ಶುರುವಾಗಿ ಹನ್ನೆರಡು ನಿಮಿಷ ಸಾರ್. ಇವರು ಮಲಗಿ ಎಂಟು.

ವಕೀಲರು: ಅಂದರೆ ನಾಲ್ಕು ನಿಮಿಷ ತಡೆದಿದ್ದಾನೆ.

ಹೆಂಡತಿ: ಮುಖ ತೊಳೆದಿದ್ದರು ಸಾರ್. ಎರಡು ಸಲ.

ವಕೀಲರು ಮೂಲೆಯ ಸ್ಟೂಲಿನ ಮೇಲೆ ಕೂತರು. ಗೌನಿನ ಬಿಳಿ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು.

ವಕೀಲರು: ಜಡ್ಜ್ ಸಾಹೇಬರು ನನ್ನ ವಾದ ಕಣ್ಣು ಮುಚ್ಚಿಕೊಂಡು ಕೇಳ್ತಾರೆ. ಎಂಥ ಏಕಾಗ್ರತೆ ಅಂತ ಎಲ್ಲರ ಹತ್ತಿರ ಹೊಗಳಿಕೊಂಡು ಬಂದೆ.

ಗಂಡ: ಇರಬಹುದು ಸಾರ್, ಕೆಲವರು ಹಾಗೂ ಕೇಳ್ತಾರೆ. ಈಗ ನಾನೇ...

ವಕೀಲರು: ನೀನು ಸುಮ್ಮನಿರಪ್ಪ. ನೀನು ಈಗಾಗಲೇ ಸಾಕ್ಷಿ ಹೇಳಿ ಆಯ್ತು. ನೋಡಮ್ಮ, ಒಂದು ಪದ ಹೇಗೋ ಗುರಿಗೆ ತಗುಲಿಬಿಟ್ಟಿದೆ. ಮಿಕ್ಕದ್ದು ಗೊತ್ತಿದೆಯೋ, ಬರೀ ನಿಘಂಟು ನೋಡಿ ನಕಲು ಮಾಡಿದ್ದೀಯೋ? ಗೊತ್ತಿಲ್ಲದೆ ಬರೆದಿದ್ದರೆ ಇವತ್ತೇ ಎಲ್ಲದರ ಮೇಲೂ ಪಟ್ಟಿ ಹೊಲಿದು ಮುಚ್ಚಬೇಕು. ಕೋರ್ಟಿನ ಗೌನು ಬೇರೆ ಕಡೆ ಹೋಗುತ್ತೆ.

ಹೆಂಡತಿ: ಕೇಳಿ ಸಾರ್.

ಅವರು ಎದ್ದು ಕಪಾಟಿನ ಹತ್ತಿರ ಹೋಗಿ ಒಂದೊಂದೇ ಗಂಟು ಎಳೆದು ಕಾಲರ್ ತಿರುಗಿಸತೊಡಗಿದರು. ಗಂಡ ಗೋಡೆಗೆ ಒರಗಿ ಇದ್ದಬದ್ದ ದೇವರನ್ನೆಲ್ಲ ನೆನೆದ.

ವಕೀಲರು: ಲಗೂಬ್ರಿಯಸ್!

ಹೆಂಡತಿ: ಫೋಟೋ ಸ್ಟುಡಿಯೋದವರು. ಜೋಲು ಮುಖ, ಸೂತಕದ ಕಳೆ. ಬೇರೆಯವರಿಗೆ 'ನಗಿ ನಗಿ' ಅಂತಾರೆ, ತಾವು ನಗಲ್ಲ.

ವಕೀಲರು: ಕ್ಯಾಕೊಫನಸ್?

ಹೆಂಡತಿ: ಸಂಗೀತದ ಮೇಷ್ಟ್ರು. ಕಿವಿಗೆ ಕರ್ಕಶ. ಅವರ ಮನೆಗೆ ಬಟ್ಟೆ ಕೊಡೋಕೆ ಹೋದಾಗ ಒಂದು ಗಂಟೆ ಕೇಳಿದ್ದೀನಿ ಸಾರ್.

ವಕೀಲರು: ಗ್ರಿಗೇರಿಯಸ್?

ಹೆಂಡತಿ: ಹೋಟೆಲಿನ ಕ್ಯಾಶಿಯರ್. ನಾಲ್ಕು ಜನರ ಮಧ್ಯೆ ಇದ್ದರೇ ಉಸಿರಾಡೋದು ಅವರು.

ವಕೀಲರು: ವೊರೇಶಿಯಸ್. ಇದು ಯಾರು, ಆ ಹೋಟೆಲಿನ ಗಿರಾಕಿಯಾ?

ಹೆಂಡತಿ: ಲೈಬ್ರರಿ ಮೇಡಂ ಸಾರ್. ಎಷ್ಟು ತಿಂದರೂ ತೀರದ ಹಸಿವು. ಅವರದು ಪುಸ್ತಕದ ಹಸಿವು, ಅದಕ್ಕೂ ಆ ಪದ ನಡೆಯುತ್ತೆ.

ವಕೀಲರು ಕೈಯಲ್ಲಿದ್ದ ಅಂಗಿ ಕೆಳಗಿಟ್ಟರು. ಅವರ ಮುಖದಲ್ಲಿ ಸಿಟ್ಟು ಎಲ್ಲೋ ಜಾರಿ, ಬೇರೆ ಏನೋ ಬಂದು ಕೂತಿತ್ತು. ಮತ್ತೆ ಹದಿನೇಳು ಗಂಟು ಬಿಚ್ಚಿದರು, ಮತ್ತೆ ಹದಿನೇಳು ಉತ್ತರ ಬಂತು. ಒಂದೂ ತಪ್ಪಲಿಲ್ಲ. ಗಂಡ ದೇವರನ್ನ ಮರೆತು ಹೆಂಡತಿಯನ್ನೇ ನೋಡುತ್ತ ನಿಂತಿದ್ದ. ತನ್ನ ಅಂಗಡಿಗೆ ಬಂದು ಹೋಗುವ ಇಡೀ ಊರನ್ನ ಅವಳು ಇಷ್ಟು ಹತ್ತಿರದಿಂದ ನೋಡಿದ್ದಾಳೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ವಕೀಲರು: ತೀರ್ಪು ಕೊಡ್ತೀನಿ, ಚುಟುಕಾಗಿ. ಪದಗಳೆಲ್ಲ ಸೋಮವಾರದ ತನಕ ಇದ್ದಲ್ಲೇ ಇರಲಿ. ಗೌನು ನಿಮ್ಮಲ್ಲಿಗೇ ಬರುತ್ತೆ. ನಾಳೆಯಿಂದ ದಿನಾ ಐದು ನಿಮಿಷ ಬಂದು ನಾನೇ ಇವಳಿಗೆ ಪ್ರಶ್ನೆ ಕೇಳ್ತೀನಿ.

ಗಂಡ: ಐದು ನಿಮಿಷ ಅಂದರೆ ಸಾರ್, ನಿಮ್ಮ ಐದಾ, ಗಡಿಯಾರದ ಐದಾ?

ವಕೀಲರು: ನೀನು ಎದ್ದಿರೋ ತನಕ. ತಲೆ ತೂಗಿದ ತಕ್ಷಣ ನಾನು ಎದ್ದು ಹೋಗ್ತೀನಿ.

ಹೆಂಡತಿ: ಸಾರ್, ಆ ಪಟ್ಟಿ ಬಿಚ್ಚಿಕೊಡ್ಲಾ? ಗೌನಿಂದು ಬಿಚ್ಚಬಹುದು.

ವಕೀಲರು: ಬೇಡ, ಇರಲಿ. ವಾದಕ್ಕೆ ನಿಂತಾಗ ಕತ್ತಿಗೆ ಒಂದಿಷ್ಟು ಚುಚ್ಚುತ್ತಾ ಇರಲಿ.

ಅವರು ದಿಂಬಿನ ಕವರು ಮಡಚಿ ಕಂಕುಳಲ್ಲಿಟ್ಟುಕೊಂಡು ಬಿಸಿಲಿಗೆ ಇಳಿದರು. ಗಂಡ ಬಾಗಿಲ ತನಕ ಹೋಗಿ ಕೈ ಮುಗಿದು ಬಂದವನೇ, ತನ್ನ ಅಂಗಿಯ ಕಾಲರನ್ನ ಹಿಂದಕ್ಕೆ ಎಳೆದು ಕನ್ನಡಿಯಲ್ಲಿ ನೋಡಿಕೊಂಡ. ಕೊಕ್ಕರೆಯಂತೆ ಕತ್ತು ತಿರುಗಿಸಿದ. ಆಮೇಲೆ ತಂತಿಯ ಮೇಲಿದ್ದ ತನ್ನ ಇನ್ನೆರಡು ಅಂಗಿ ತಡಕಿದ.

ಗಂಡ: ನನಗೆ ಏನೂ ಬರೆದೇ ಇಲ್ಲವಲ್ಲೇ!

ಹೆಂಡತಿ: ನಿಮಗ್ಯಾಕೆ?

ಗಂಡ: ಊರವರಿಗೆಲ್ಲಾ ಒಂದೊಂದು, ಕಟ್ಟಿಕೊಂಡ ಗಂಡನಿಗೆ ಮಾತ್ರ ಖಾಲಿ ಕಾಲರಾ? ಬೈಗುಳವಾದರೂ ಬರೆಯಬಾರದಿತ್ತಾ?

ಹೆಂಡತಿ: ಗುರುತು ಹಾಕೋದು ಯಾಕೆ ಹೇಳಿ? ಯಾರದು ಅಂತ ಮರೆತುಹೋಗಬಾರದು ಅಂತ. ನಿಮ್ಮದು ನನಗೆಲ್ಲಿ ಮರೆಯುತ್ತೆ?

ಅವನು ಅಂಗಿ ತಂತಿಗೆ ಹಾಕಿದ. ಆ ದಿನವೆಲ್ಲ ಅವನು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

ಪರೀಕ್ಷೆ ಆಯಿತು. ತಿಂಗಳು ಕಳೆದು ಫಲಿತಾಂಶ ಬಂದ ಬೆಳಿಗ್ಗೆ ಅವಳು ಕಾಲೇಜಿನಿಂದ ನಡೆದು ಬಂದಳು. ಕೈಯಲ್ಲಿ ಮಡಚಿದ ಕಾಗದ. ಅವನು ಕೌಂಟರ್ ಬಿಟ್ಟು ಬೀದಿಗೇ ಓಡಿದ.

ಗಂಡ: ಏನಾಯ್ತೇ? ಬೇಗ ಹೇಳು.

ಹೆಂಡತಿ: ನಲವತ್ತಕ್ಕೆ ಮೂವತ್ತೆಂಟು. ಇನ್ನು ಅಪೂರ್ಣ ಅಂತ ಬರೆಯೋ ಹಾಗಿಲ್ಲ.

ಗಂಡ: ಶಭಾಷ್! ಮೂವತ್ತೆಂಟಾ? ಮತ್ತೆ ಮುಖ ಯಾಕೆ ಆ ಫೋಟೋ ಸ್ಟುಡಿಯೋದವರ ಥರ?

ಹೆಂಡತಿ: ಎರಡು ಅಂಕ ಹೋಯ್ತಲ್ಲ ರೀ. ಅದೂ ನಿಮ್ಮಿಂದ.

ಗಂಡ: ನಾನು ಅಂಗಡಿಯಲ್ಲಿ ಬಟ್ಟೆ ಹಿಂಡುತ್ತಿದ್ದೆನಲ್ಲೇ! ಪರೀಕ್ಷೆ ಹಾಲಿಗೂ ನನಗೂ ಏನು ಸಂಬಂಧ?

ಹೆಂಡತಿ: ಒಂದು ಪ್ರಶ್ನೆ ಬಂತು. ಅರ್ಥ ಕೊಟ್ಟು ಪದ ಕೇಳಿದ್ದರು. 'ಎಷ್ಟೇ ಕಾಟ ಕೊಟ್ಟರೂ ಸಿಟ್ಟು ಮಾಡದೆ ತಾಳಿಕೊಳ್ಳುವವನು.' ಓದಿದ ತಕ್ಷಣ ಮುಖ ಬಂತು. ನಿಮ್ಮದೇ. ಮನಸ್ಸಲ್ಲೇ ಕಾಲರ್ ತಿರುಗಿಸಿ ನೋಡಿದೆ. ಬೆಳ್ಳಗೆ!

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಹೊಡೆದು ಪಕ್ಕಕ್ಕೆ ಸರಿದು ಹೋಯಿತು. ಅವನು ಅವಳ ಕೈ ಹಿಡಿದು ಅಂಗಡಿಯೊಳಗೆ ಕರೆತಂದ. ಅಂಗಿ ಕಳಚಿ ಇಸ್ತ್ರಿ ಮೇಜಿನ ಮೇಲೆ ಹಾಸಿದ, ಬನಿಯನ್ನಿನಲ್ಲೇ ನಿಂತು ಶಾಯಿ ಸೀಸೆಯ ಮುಚ್ಚಳ ತೆಗೆದ.

ಗಂಡ: ಯಾವುದದು ಪದ?

ಹೆಂಡತಿ: ಹೊರಗೆ ಬಂದ ಮೇಲೆ ನಿಘಂಟು ನೋಡಿದೆ. ಫಾರ್ಬೇರಿಂಗ್.

ಗಂಡ: ಬರಿ. ಎಲ್ಲಾ ಅಂಗಿಗೂ ಬರಿ. ದೊಡ್ಡದಾಗಿ ಬರಿ. ಬೇಕಾದರೆ ಕಾಲರಿನ ಹೊರಗೇ ಬರಿ.

ಅವಳು ಲೇಖನಿ ಅದ್ದಿದಳು. ತುದಿಯಲ್ಲಿ ಹನಿ ತುಂಬಿ ನಿಂತಿತು. ಬಿಳಿ ಕಾಲರಿನ ಮೇಲೆ ಕೈ ಹಾಗೇ ನಿಲ್ಲಿಸಿ ಅವನ ಮುಖ ನೋಡಿದಳು.

ಹೆಂಡತಿ: ಒಂದು ಸಲ ಯೋಚನೆ ಮಾಡಿ. ನೂರು ಸಲ ಒಗೆದರೂ ಹೋಗದ ಶಾಯಿ ಇದು. ಬರೆದ ಮೇಲೆ ಜನ್ಮದಲ್ಲಿ ನನ್ನ ಮೇಲೆ ರೇಗೋ ಹಾಗಿಲ್ಲ.

ಗಂಡ: ಜನ್ಮದಲ್ಲಿ?

ಹೆಂಡತಿ: ಜನ್ಮದಲ್ಲಿ. ಇನ್ನೊಂದು ಮಾತು. ಮುಂದಿನ ವರ್ಷ ಎಂ.ಎ. ಕಟ್ಟಬೇಕು ಅಂತಿದ್ದೀನಿ. ಅದಕ್ಕೆ ಪದ ಇನ್ನೂ ಮುನ್ನೂರು ಬೇಕು.

ಅವನು ಅವಳನ್ನ ನೋಡಿದ, ಕಪಾಟಿನ ತುಂಬ ಇದ್ದ ಗಂಟುಗಳನ್ನ ನೋಡಿದ. ಮೆಲ್ಲಗೆ ಶಾಯಿ ಸೀಸೆಗೆ ಮುಚ್ಚಳ ಹಾಕಿ ತಿರುಗಿಸಿದ.

ಗಂಡ: ಸದ್ಯಕ್ಕೆ ಪೆನ್ಸಿಲಲ್ಲಿ ಬರಿ.